ತಾಕತ್ತಿನ ಗುಳಿಗೆ

ನನ್ನ ಹೆಸರು ಉಮಾದೇವಿ ಗಂಡ ಮೌನಪ್ಪ, ವಯಸ್ಸು 44 ವರ್ಷ, ಉದ್ಯೋಗ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಸಹಶಿಕ್ಷಕಿ, ಸಾಕಿನ್ ಬಸ್ ನಿಲ್ದಾಣದ ಹಿಂದಿನ ಓಣಿ, ಮಾನ್ವಿ, ಜಿಲ್ಲಾ ರಾಯಚೂರು. ಇಂದು ತಾವು ಠಾಣೆಗೆ ಕರೆಸಿ ವಿಚಾರಿಸಿದ್ದರಿಂದ ಈ ಮೂಲಕ ತಿಳಿಸುವುದೇನೆಂದರೆ,

ಮಾನ್ವಿಯ ಖಾಸಗಿ ಆಸ್ಪತ್ರೆಯೊಂದರ ವೈದ್ಯೆ ಡಾ. ಗುಲ್ಫಶಾ ಅವರು ತಪ್ಪು ಗುಳಿಗೆ ಕೊಟ್ಟು ನನ್ನ ಗಂಡನ ಜೀವಕ್ಕೆ ಅಪಾಯ ಮಾಡಿದರೆಂದು ನನ್ನ ಮೈದುನ ವಿನೋದ ಫಿರ್ಯಾದಿ ಕೊಟ್ಟಿದ್ದು, ಅದರಲ್ಲಿ ನನ್ನನ್ನು ಸಾಕ್ಷಿ ಎಂದು ಕಾಣಿಸಿರುತ್ತಾನೆ. ನಾನು ಸಾಕ್ಷಿ ಇರುವುದು ನಿಜ. ನಾನು ಕಂಡದ್ದು ಮಾತ್ರ ಅವನು ಬರೆಸಿದ್ದಲ್ಲ.

ನನ್ನ ಗಂಡನ ಹೆಸರಿನ ಹಿಂದೆ ಊರಿನ ಫ್ಲೆಕ್ಸುಗಳಲ್ಲಿ ಯುವ ಮುಖಂಡ ಎಂದು ಇರುತ್ತದೆ. ವಯಸ್ಸು 52. ಬೇರೆ ಉದ್ಯೋಗ ಇರುವುದಿಲ್ಲ. ದಿನಾಂಕ 09-11-2024 ಶನಿವಾರದಂದು ಮೀಟಿಂಗ್ ಇದೆ ಎಂದು ಅವರು ದೇವದುರ್ಗಕ್ಕೆ ಹೋದರು. ಸಂಜೆಗೆ ಬರುತ್ತೇನೆ ಎಂದವರು ಮಾರನೇ ದಿನ ಬೆಳಿಗ್ಗೆ 8 ಗಂಟೆಗೆ ಬಂದು, ಕಡೇ ಬಸ್ ತಪ್ಪಿತೆಂದು ತಿಳಿಸಿದರು. ಯಾವ ಮೀಟಿಂಗ್ ಎಂದು ನಾನು ಕೇಳಲಿಲ್ಲ. ಅದನ್ನೆಲ್ಲ ಕೇಳುವುದು ಬಿಟ್ಟು ಬಹಳ ವರ್ಷಗಳಾಗಿರುತ್ತವೆ. ಮುಖ ತೊಳೆದು ಮಂಡಾಳ ಒಗ್ಗರಣೆ, ಮೇಲೆ ನಾಲ್ಕು ಮಿರ್ಚಿ ತಿಂದರು.

ಸುಮಾರು 9-30 ಗಂಟೆಗೆ ಎದೆ ಹಿಡಿದಂತಾಗಿದೆ ಎಂದರು. ವಿನೋದ ಬಂದು, "ಗ್ಯಾಸ್ ಆಗ್ಯಾದ ಬಿಡಣ್ಣ" ಎಂದು ಸೋಡಾ ತರಿಸಿದ. ನಮ್ಮ ಮನೆಯ ಗಂಡಸರ ಎದೆಯಲ್ಲಿ ಹೃದಯ ಇರುವುದಿಲ್ಲ, ಗ್ಯಾಸ್ ಮಾತ್ರ ಇರುತ್ತದೆ. ಅಂಗಿ ಬೆವರಿನಲ್ಲಿ ತೊಯ್ದು, ಎಡಗೈ ಸೆಳೆಯುತ್ತಿದೆ ಎಂದು ನರಳಿದಾಗ, ಪಕ್ಕದ ಮನೆಯವರ ಕಾರಿನಲ್ಲಿ ನಾನೇ ಅವರನ್ನು ಆಸ್ಪತ್ರೆಗೆ ಒಯ್ದೆ. ವಿನೋದ ತನ್ನ ನಾಲ್ಕೈದು ಹುಡುಗರನ್ನು ಕಟ್ಟಿಕೊಂಡು ಬೈಕಿನ ಮೇಲೆ ಹಿಂದೆ ಬಂದ.

ಡಾ. ಗುಲ್ಫಶಾ ಇಸಿಜಿ ತೆಗೆದು, ಇದು ಗ್ಯಾಸ್ ಅಲ್ಲ, ಹೃದಯಕ್ಕೆ ರಕ್ತ ಸಾಲುತ್ತಿಲ್ಲ ಎಂದು ತಿಳಿಸಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆಯನ್ನು ಅಗಿಯಲು ಕೊಟ್ಟರು. ನಂತರ ನಾಲಿಗೆಯ ಕೆಳಗೆ ಇಡುವ ಸಣ್ಣ ಗುಳಿಗೆಯೊಂದನ್ನು ಕೈಯಲ್ಲಿ ಹಿಡಿದುಕೊಂಡು, ಇದು ರಕ್ತನಾಳಗಳನ್ನು ಸಡಿಲ ಮಾಡಿ ಹೃದಯದ ಭಾರ ಇಳಿಸುತ್ತದೆ, ಆದರೆ ಅದೇ ತರಹದ ಕೆಲಸ ಮಾಡುವ ಇನ್ನೊಂದು ಗುಳಿಗೆ ಮೊದಲೇ ಹೊಟ್ಟೆಯಲ್ಲಿದ್ದರೆ ಬಿಪಿ ಪಾತಾಳಕ್ಕೆ ಇಳಿಯುತ್ತದೆ, ನಿನ್ನೆ ಮೊನ್ನೆ ಏನಾದರೂ ನುಂಗಿದ್ದರೆ ಸಂಕೋಚ ಬಿಟ್ಟು ಹೇಳಬೇಕು ಎಂದು ಎರಡು ಸಲ ಕೇಳಿದರು. ನನ್ನ ಗಂಡ ಗೋಡೆಯ ಕಡೆ ನೋಡುತ್ತ, "ತಾಕತ್ತಿನ ಗುಳಿಗಿ ಒಂದು ತೊಗೊಂಡೀನ್ರಿ" ಎಂದರು.

ನಮ್ಮ ಮನೆಯಲ್ಲಿ ತಾಕತ್ತಿನ ಗುಳಿಗೆ ಎಂದರೆ ಬಿ-ಕಾಂಪ್ಲೆಕ್ಸ್. ಕೈಕಾಲು ಜುಮುಗುಡುತ್ತವೆ ಎಂದು ಅವರಿಗೆ ನಾನೇ ತಂದು ಕೊಡುತ್ತೇನೆ, ನಮ್ಮ ಅತ್ತೆಯೂ ನುಂಗುತ್ತಾರೆ. ಆದ್ದರಿಂದ ಯಾವ ತಾಕತ್ತಿನ ಗುಳಿಗೆ ಎಂದು ವೈದ್ಯೆ ನನ್ನನ್ನು ಕೇಳಿದಾಗ, "ಬಿ-ಕಾಂಪ್ಲೆಕ್ಸ್ ರೀ, ದಿನಾ ನಾನ ಕೊಡ್ತೀನಿ" ಎಂದೆ. ವೈದ್ಯೆ ಅಷ್ಟಕ್ಕೇ ಬಿಡದೆ, "ಅದ ಹೌದಲ್ರೀ ಅಣ್ಣಾರ?" ಎಂದು ಪುನಃ ಅವರನ್ನು ಕೇಳಿದರು. ಅವರು ನನ್ನ ಮುಖ ನೋಡಿದರು, ತಮ್ಮನ ಮುಖ ನೋಡಿದರು, ಹೂಂ ಎಂದು ತಲೆಯಾಡಿಸಿದರು. ಸಭೆಗಳಲ್ಲಿ ಕೈಗೆ ಸಿಕ್ಕ ಮೈಕು ಬಿಡದ ಮನುಷ್ಯನಿಗೆ ಬೇಕಾದ ಹೊತ್ತಿನಲ್ಲಿ ಒಂದು ಮಾತು ಹೊರಡಲಿಲ್ಲ.

ವೈದ್ಯೆ ಗುಳಿಗೆ ಇಟ್ಟರು. ಐದು ನಿಮಿಷದೊಳಗೆ ನನ್ನ ಗಂಡನ ಕಣ್ಣು ಮೇಲೆ ಸಿಕ್ಕಿಕೊಂಡವು, ಮೈ ತಣ್ಣಗಾಯಿತು. ಬಿಪಿ ಸಿಗುತ್ತಿಲ್ಲ ಎಂದು ನರ್ಸ್ ಮಹಬೂಬೀ ಕೂಗಿದರು. ವೈದ್ಯೆ ಬಾಯಲ್ಲಿ ಉಳಿದಿದ್ದ ಗುಳಿಗೆಯನ್ನು ತೆಗೆದು, ಮಂಚವನ್ನು ಕಾಲಿನ ಕಡೆಯಿಂದ ಎತ್ತಿಸಿ, ಆಕ್ಸಿಜನ್ ಮತ್ತು ಸಲೈನ್ ಹಚ್ಚಿದರು. ಆಗ ವಿನೋದ, "ಇನ್ನೆರಡು ಬಾಟ್ಲಿ ಏರಸ್ರೀ, ಏನ್ ನೋಡಾಕತ್ತೀರಿ?" ಎಂದು ಜೋರು ಮಾಡಿದ. ಸೋತ ಹೃದಯಕ್ಕೆ ಒಮ್ಮೆಲೇ ಅಷ್ಟು ಏರಿಸಿದರೆ ನೀರು ಶ್ವಾಸಕೋಶದಲ್ಲಿ ನಿಲ್ಲುತ್ತದೆ, ಈಗ ಬೇಕಾಗಿರುವುದು ಸಡಿಲಾದ ನಾಳಗಳನ್ನು ಬಿಗಿ ಮಾಡುವ ಔಷಧಿ ಎಂದು ಹೇಳಿ ವೈದ್ಯೆ ನಾರ್‌ಅಡ್ರಿನಲಿನ್ ಸಿದ್ಧ ಮಾಡತೊಡಗಿದರು.

ವಿನೋದ ಎಸ್ಸೆಸ್ಸೆಲ್ಸಿಯಲ್ಲಿ ಮೂರು ಸಲ ನಪಾಸಾಗಿರುತ್ತಾನೆ. ಅವನಿಗೆ ಆ ಔಷಧಿ ಸರಿ ಬರಲಿಲ್ಲ. "ಸೂಜಿ ಮಾಡಿ ನಮ್ಮಣ್ಣನ್ನ ಕೊಲ್ಲಾಕತ್ಯಾಳ, ಬರ್ರಲೇ" ಎಂದು ಹುಡುಗರನ್ನು ಕರೆದು ವೈದ್ಯೆಯನ್ನು ನೂಕಿದ. ಅವರ ಹಣೆ ಆಕ್ಸಿಜನ್ ಸಿಲಿಂಡರಿಗೆ ಬಡಿದು ರಕ್ತ ಬಂತು. ಹುಡುಗರು ಬಾಗಿಲಿನ ಗಾಜು ಒಡೆದರು. ನಾನು ಅಡ್ಡ ನಿಂತು ಚೀರಿಕೊಂಡೆ. ವೈದ್ಯೆ ಎದ್ದು, ಒಂದು ಕೈಯಲ್ಲಿ ಹಣೆಗೆ ಹತ್ತಿ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಆ ಔಷಧಿ ಹರಿಯುವ ವೇಗ ತಿದ್ದುತ್ತ ನಿಂತರು. ಬಿಪಿ ಏರಿತು. ನನ್ನ ಗಂಡ ಕಣ್ಣು ಬಿಟ್ಟರು. ತನ್ನನ್ನು ನೂಕಿದವನ ಅಣ್ಣನನ್ನು ಬಿಟ್ಟು ಒಳಗೆ ಹೋಗುವ ಹಕ್ಕು ಆಕೆಗೆ ಇತ್ತು, ಆಕೆ ಹೋಗಲಿಲ್ಲ.

ತೊಯ್ದ ಅಂಗಿ ಬಿಚ್ಚಿದ ಮಹಬೂಬೀ, ಜೇಬಿನಲ್ಲಿ ಇದ್ದದ್ದನ್ನು ನನ್ನ ಕೈಗೆ ಕೊಟ್ಟರು. ಒಂದು ಬಾಚಣಿಕೆ ಮತ್ತು ನೀಲಿ ಗುಳಿಗೆಗಳ ಒಂದು ಪಟ್ಟಿ, ಅದರಲ್ಲಿ ಒಂದು ಗುಳಿಗೆಯ ಜಾಗ ಖಾಲಿ. ಹೆಸರು ಓದಿ ನಾನೇ ವೈದ್ಯೆಗೆ ತೋರಿಸಿದೆ. ಗಂಡಸ್ತನಕ್ಕೆಂದು ನುಂಗಿದ ಗುಳಿಗೆಯ ಹೆಸರು ಹೇಳುವಷ್ಟು ಗಂಡಸ್ತನ ನನ್ನ ಗಂಡನಿಗೆ ಇರಲಿಲ್ಲ. ವೈದ್ಯೆ ಬೈಯಲಿಲ್ಲ. ನಲ್ಲಿಯ ಪೈಪು ಒಮ್ಮೆಲೇ ಅಗಲವಾದರೆ ನೀರಿನ ಜೋರು ಹೋಗುವಂತೆ, ಎರಡೂ ಗುಳಿಗೆ ಕೂಡಿ ನಾಳಗಳನ್ನು ಸಡಿಲ ಮಾಡಿವೆ, ಇವೆರಡು ಇನ್ನೆಂದೂ ಕೂಡಬಾರದು ಎಂದು ನನಗೆ ತಿಳಿಸಿ, ಹಾಗೆಯೇ ಚೀಟಿ ಬರೆದು ರಾಯಚೂರಿಗೆ ಕಳುಹಿಸಿದರು. ಆ ಚೀಟಿಯನ್ನು ವಿನೋದ ಆಂಬ್ಯುಲೆನ್ಸ್ ಹತ್ತುವಾಗಲೇ ಹರಿದು ಹಾಕಿದ. ನಾನು ವೈದ್ಯೆಯ ಹಣೆಗೆ ಹೊಲಿಗೆ ಹಾಕಿಸುವವರೆಗೆ ಜೊತೆಗಿದ್ದು, ನಂತರ ಬಸ್ಸಿನಲ್ಲಿ ರಾಯಚೂರಿಗೆ ಹೋದೆ.

ರಾಯಚೂರಿನಲ್ಲಿ ಸ್ಟೆಂಟ್ ಹಾಕಿದ ಮೇಲೆ ನನ್ನ ಗಂಡ ಚೆನ್ನಾಗಿದ್ದಾರೆ. ಶಾಲು ಹೊದಿಸಿ ಮಾತಾಡಿಸಲು ಬಂದವರಿಗೆಲ್ಲ, ಮಾನ್ವಿಯ ಆ ಹೆಣ್ಣುಮಗಳು ನನ್ನನ್ನು ಮುಗಿಸಿಬಿಡುತ್ತಿದ್ದಳು ಎಂದು ಹೇಳಿಕೊಂಡಿರುತ್ತಾರೆ. ಎಚ್ಚರ ಇದೆ, ನೆನಪಿದೆ, ಬಾಯಿಯೂ ಇದೆ. ನಿನ್ನೆ ಅಲ್ಲಿಯ ವೈದ್ಯರು, ಮನೆಯಲ್ಲಿ ಎದೆನೋವು ಬಂದರೆ ನಾಲಿಗೆ ಕೆಳಗೆ ಇಟ್ಟುಕೊಳ್ಳಲು ಅದೇ ಸಣ್ಣ ಗುಳಿಗೆಯನ್ನು ಬರೆಯುತ್ತ, ಬೇರೆ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ನನ್ನ ಗಂಡ ಬಿ-ಕಾಂಪ್ಲೆಕ್ಸ್ ಎಂದರು. ಒಮ್ಮೆ ಸತ್ತು ಬದುಕಿದರೂ ಅದೇ ಸುಳ್ಳು. ನನಗೆ ಅಸಹ್ಯವಾಯಿತು. ಶಾಲಿನವರು ಸುತ್ತ ನಿಂತಿರುವಾಗಲೇ ನೀಲಿ ಗುಳಿಗೆಯ ಪಟ್ಟಿಯನ್ನು ವೈದ್ಯರ ಕೈಗೆ ಕೊಟ್ಟು ಎಲ್ಲವನ್ನೂ ಹೇಳಿದೆ. ವೈದ್ಯರು ಬರೆದದ್ದನ್ನು ಹೊಡೆದು ಹಾಕಿದರು. ನನ್ನ ಗಂಡ, "ನಾಕು ಮಂದಿ ಮುಂದ ಮಾನ ತೆಗದಿ, ಇನ್ನ ಮನಿಗಿ ಬರಬ್ಯಾಡ" ಎಂದರು. ವಿನೋದ ಹೊರಗೆ ಬಂದು, "ಬಿ-ಕಾಂಪ್ಲೆಕ್ಸ್ ಅಂದಾಕಿ ನೀನ ಅತ್ತಿಗಿ, ಕೇಸು ನಿನ್ನ ಮ್ಯಾಲೆ ಬರ್ತದ" ಎಂದು ಹೆದರಿಸಿದ. ಬರಲಿ. ನಾನು ತಿಳಿಯದೆ ಹೇಳಿದೆ, ಅವರು ತಿಳಿದೂ ಹೂಂ ಎಂದರು.

ಇದನ್ನು ಬರೆದುಕೊಳ್ಳುತ್ತಿರುವ ಹೆಡ್ ಕಾನ್‌ಸ್ಟೇಬಲ್ ಅವರು, "ತಾಕತ್ತಿನ ಗುಳಿಗಿ ಅಂತನ ಇಡೋಣೇನ್ರೀ ಮೇಡಂ, ನಿಮಗೂ ಛಲೋ ಕಾಣ್ತದ" ಎಂದು ಕೇಳಿದರು. ಆ ಹೆಸರಿಟ್ಟೇ ಇಷ್ಟೆಲ್ಲ ಆಗಿರುವುದರಿಂದ, ಸಿಲ್ಡೆನಾಫಿಲ್ ಎಂದೇ ಬರೆಯಬೇಕೆಂದು ನಾನು ಹೇಳಿರುತ್ತೇನೆ. ದೇವದುರ್ಗದಲ್ಲಿ ಅವರು ಆ ತಾಕತ್ತನ್ನು ಯಾರ ಮುಂದೆ ತೋರಿಸಿದರು ಎಂಬುದು ಈ ಪ್ರಕರಣಕ್ಕೆ ಸಂಬಂಧಿಸಿರುವುದಿಲ್ಲ. ಡಾ. ಗುಲ್ಫಶಾ ಅವರದು ಯಾವ ತಪ್ಪೂ ಇಲ್ಲ. ಅವರನ್ನು ನೂಕಿದ್ದು ವಿನೋದ, ನಾನು ಕಣ್ಣಾರೆ ಕಂಡಿರುತ್ತೇನೆ, ಕೋರ್ಟಿನಲ್ಲೂ ಹೇಳುತ್ತೇನೆ.

ಮೇಲಿನ ಹೇಳಿಕೆಯನ್ನು ನನಗೆ ಓದಿ ಹೇಳಲಾಗಿದ್ದು, ನಾನು ಹೇಳಿದಂತೆಯೇ ಇರುತ್ತದೆ. ಹೀಗೆ ಹೇಳು ಎಂದು ಯಾರೂ ಒತ್ತಾಯ ಮಾಡಿಲ್ಲ, ಹೇಳಬೇಡ ಎಂಬ ಒತ್ತಾಯ ಬಹಳ ಇತ್ತು. ಮುಂದಿನ ನೋಟಿಸು ಎಲ್ಲಿಗೆ ಕಳುಹಿಸಬೇಕೆಂದು ತಾವು ಕೇಳಿದ್ದಕ್ಕೆ ತಿಳಿಸುವುದೇನೆಂದರೆ, ಸದರಿ ಮನೆ ನನ್ನ ಸಂಬಳದಲ್ಲಿ ಕಟ್ಟಿದ್ದು, ನನ್ನ ಹೆಸರಿನಲ್ಲಿ ಇರುತ್ತದೆ. ನನಗೆ ಅಲ್ಲಿಗೇ ಕಳುಹಿಸಬೇಕು. ನನ್ನ ಗಂಡನಿಗೆ ಕಳುಹಿಸುವುದಿದ್ದರೆ, ಇನ್ನು ಮುಂದೆ ಅವರ ವಿಳಾಸವನ್ನು ಅವರಲ್ಲೇ ಕೇಳಬೇಕು.

ಸ್ಥಳ: ಮಾನ್ವಿ
ದಿನಾಂಕ: 15-11-2024
ಸಹಿ/- ಉಮಾದೇವಿ