ಅಂಗಡಿ ಮುಂದಿನ ಕರಡಿ

ಹಲ್ಲಿನ ಡಾಕ್ಟರ ಬಾಗಿಲಲ್ಲಿ ಸರದಿ ಕಾಯುತ್ತಿದ್ದ ಟೀಚರಮ್ಮ ತಮ್ಮ ನೋವು ಮರೆತು, ಪಕ್ಕದ ಬೆಂಚಿನ ಅಪ್ಪ-ಮಗಳ ಮಾತಿಗೆ ಕಿವಿಯಾದರು.

“ಬಿಸ್ಕತ್ ಪ್ರಮೋಷನ್‌ಗೆ ಅಂತ ಅಂಗಡಿ ಮುಂದೆ ಕರಡಿ ಕುಣೀತಿತ್ತಲ್ಲಪ್ಪಾ?”

“ಹ್ಞೂಂ. ಸ್ಕೂಲ್ ಬಿಟ್ಟ ತಕ್ಷಣ ನೀನು ಓಡಿ ಬಂದು ತಬ್ಕೊಳ್ತಿದ್ದೆ.”

“ನಿಂಗೆ ಪ್ರಮೋಷನ್ ಆಗಿ ಆಫೀಸಲ್ಲಿ ಕೂತ ಮೇಲೆ ಅದು ಬರಲೇ ಇಲ್ಲ.”

“ಅದಕ್ಕೆ ಎಷ್ಟು ಅಳ್ತಿದ್ದೆ ನೀನು! ವೇಷದೊಳಗೆ ಇದ್ದಿದ್ದು ನಾನೇ ಕಣೇ. ಹೇಳೋಕೆ ನಾಚಿಕೆ ಆಗಿತ್ತು.”

“ಗೊತ್ತಿತ್ತು. ಆ ಕೆಮ್ಮು ಇನ್ಯಾರದ್ದು?”

“ಗೊತ್ತಿದ್ದೂ ಅಳ್ತಿದ್ಯಾ? ನಾನು ಮನೇಲೇ ಇದ್ನಲ್ಲ!”

“ಇದ್ದೆ. ಆದ್ರೆ ಕರಡಿ ತಬ್ಕೊಳ್ತಿತ್ತು. ನೀನು ‘ಓದ್ಕೋ ಹೋಗು’ ಅಂತಿದ್ದೆ.”

ಒಳಗಿನಿಂದ ಕರೆ ಬಂತು. ಊದಿದ ಕೆನ್ನೆಯಿಂದ ಕೈ ತೆಗೆದು ಅಪ್ಪ ಎದ್ದರು. ಮಗಳನ್ನು ಬಾಚಿ ತಬ್ಬಿ, ಅವಳನ್ನೂ ತೂಗಾಡಿಸುತ್ತ, ಕರಡಿಯ ಹೆಜ್ಜೆಯಲ್ಲೇ ಒಳಗೆ ಹೋದರು.