ನೆವಿಲ್‌ನ ಅಳತೆಯ ಸೀಟು

ಇಂಗ್ಲೆಂಡಿನ ಮಾಲ್ವರ್ನ್ ಊರಿನಲ್ಲಿ ಕ್ಯಾನ್ಸರ್ ವಾರ್ಡಿನ ಹೊರಗೆ ತಂಗಿಗಾಗಿ ಕಾಯುತ್ತಿದ್ದ ಎಡ್ನಾಗೆ ಪಕ್ಕದ ಬೆಂಚಿನ ಗಂಡ ಹೆಂಡತಿಯ ಮಾತು ಕೇಳಿಸುತ್ತಿತ್ತು. ಕೇಳಬಾರದೆಂದು ಪತ್ರಿಕೆ ತೆರೆದಳು, ಆದರೂ ಕೇಳಿಸಿತು.

“ಇವತ್ತೂ ಮಳೆಗೆ ನನ್ನ ಮೊಣಕಾಲೆಲ್ಲ ಒದ್ದೆ, ನೆವಿಲ್. ಕೈಯಲ್ಲೇ ಕಟ್ಟಿದ ಕಾರಂತೆ!”

“ಮೇಲ್ಗಡೆ ಸೋರದಿದ್ರೆ ಅದು ನಮ್ಮ ಕಾರೇ ಅಲ್ಲ, ಥೆಲ್ಮಾ.”

“ಸೋರ್ಲಿ ಬಿಡು. ಆ ನಿನ್ನ ಸೀಟಿಗೊಂದು ಗತಿ ಕಾಣಿಸು. ಮುಂದಕ್ಕೂ ಬರಲ್ಲ, ಹಿಂದಕ್ಕೂ ಹೋಗಲ್ಲ. ನನ್ನ ಕಾಲು ಬ್ರೇಕಿಗೆ ಎಟುಕಲ್ಲ. ಇರೋದೊಂದೇ ಕಾರು.”

“ನನ್ನ ಬೆನ್ನಿನ ಅಳತೆ ತಗೊಂಡು ಮಾಡಿದ ಸೀಟು ಅದು.”

“ಆಗ ನಿನಗೆ ಬೆನ್ನು ಅಂತ ಇತ್ತು, ಮಹಾರಾಯ. ಈಗ ಎರಡು ದಿಂಬು ಇಟ್ಕೊಂಡು ಕೂರ್ತೀಯ. ಮೊನ್ನೆ ತಿರುವಲ್ಲಿ ನೀನು ತೂಕಡಿಸಿಬಿಟ್ಟೆ.”

“ಒಂದೇ ಒಂದು ಕ್ಷಣ.”

“ಎದುರಿಗೆ ಲಾರಿ ಬರ್ತಿತ್ತು.”

ಅಷ್ಟರಲ್ಲಿ ನರ್ಸ್ ನೆವಿಲ್‌ನ ಹೆಸರು ಕರೆದಳು. ಹೆಂಡತಿಯ ತೋಳು ಹಿಡಿದು ಎದ್ದ.

“ಕಾರು ಕಟ್ಟಿದ ಕಾರ್ಖಾನೆಗೆ ಫೋನ್ ಮಾಡು. ಸೀಟು ಹೊಲಿಯೋ ಆ ಮುದುಕ ಇನ್ನೂ ಅಲ್ಲೇ ಇದ್ದಾನೆ.”

“ಏನಂತ ಹೇಳ್ಲಿ?”

“ನನ್ನದನ್ನ ಬಿಚ್ಚಿ ಹಾಕಿ, ನಿನ್ನ ಅಳತೆಗೆ ಮಾಡ್ಲಿ ಅಂತ.”

ಥೆಲ್ಮಾ ಅವನನ್ನು ಒಳಗೆ ನಡೆಸಿಕೊಂಡು ಹೋದಳು.