ಹೂ ಎತ್ತಿದ ಹಾಗೆ

ಸ್ಕ್ಯಾನಿಂಗ್ ಕೋಣೆಯ ಹೊರಗೆ ಟೈಲರಮ್ಮ ಗಂಡನ ಪಕ್ಕ ಕೂತಿದ್ದಳು. ಅವನ ಮಿದುಳಿನಲ್ಲಿ ರಕ್ತನಾಳವೊಂದು ಗುಳ್ಳೆಯಂತೆ ಉಬ್ಬಿತ್ತು. ನಾಳೆ ತೊಡೆಯಿಂದ ಸಣ್ಣ ಕೊಳವೆ ತೂರಿಸಿ, ಆ ಗುಳ್ಳೆಯೊಳಗೆ ತಂತಿಯ ಸುರುಳಿ ತುಂಬುವವರಿದ್ದರು. ಎದುರು ಬೆಂಚಿನಲ್ಲಿ ತನ್ನ ಅಕ್ಕನ ಜೊತೆ ಕೂತಿದ್ದ ಯುವಕನಿಗೆ ಅದೇ ಚಿಕಿತ್ಸೆ ಆಗಲೇ ಆಗಿತ್ತು.

ಸ್ಕ್ಯಾನಿಂಗಿನವನು ಬಾಗಿಲಿಗೆ ಬಂದು ಆ ಯುವಕನನ್ನು ಕೇಳಿದ: "ಮೈಯೊಳಗೆ ಲೋಹ ಏನಾದ್ರೂ ಇದೆಯಾ?"

"ತಲೇಲಿ ಸುರುಳಿ ಇದೆ," ಎಂದಳು ಅಕ್ಕ.

"ಎರಡು ಕಡೆ ಇದೆ," ಎಂದ ತಮ್ಮ. "ಒಂದು ಜಾರಿ ನಾಳದಲ್ಲಿ ಮುಂದೆ ಹೋಗಿ ಸಿಕ್ಕಿಕೊಂಡಿದೆ."

ಅಕ್ಕನ ಮುಖ ಬಿಳಿಚಿಕೊಂಡಿತು. "ಯಾರು ಹೇಳಿದ್ರೋ ನಿಂಗೆ?"

"ಯಾರೂ ಹೇಳ್ಲಿಲ್ಲ. ಅವತ್ತು ನಂಗೆ ಪೂರ್ತಿ ಮಂಪರು ಹತ್ತಿರ್ಲಿಲ್ಲ ಕಣಕ್ಕ. 'ಅಯ್ಯೋ, ಜಾರ್ತು' ಅಂದ್ರು ಡಾಕ್ಟ್ರು. ಆಮೇಲೆ ಯಾರೂ ಉಸಿರೆತ್ತಲಿಲ್ಲ."

"ತೆಗೆಯೋಕೆ ಹೋದ್ರೆ ಇನ್ನೂ ಅಪಾಯ, ಅಲ್ಲೇ ಇರ್ಲಿ ಅಂದ್ರು ಕಣೋ. ಗೊತ್ತಿದ್ದೂ ನೀನ್ಯಾಕೆ ಸುಮ್ನಿದ್ದೆ?"

"ನಾನು ಕಣ್ಬಿಟ್ಟಾಗ ನೀನು ನಗ್ತಾ ನಿಂತಿದ್ದೆ. 'ಎಲ್ಲ ಹೂ ಎತ್ತಿದ ಹಾಗೆ ಆಯ್ತು' ಅಂದೆ. ಹೆಂಗೆ ಕೇಳ್ಲಿ?"

ಅಕ್ಕ ಅವನ ಕೈ ಹಿಡಿದು ಒಳಗೆ ಕರೆದೊಯ್ದಳು.

ಕಣ್ಣು ಮುಚ್ಚಿ ಕೂತಿದ್ದ ಗಂಡ ಟೈಲರಮ್ಮನ ಕಡೆ ತಿರುಗಿದ. "ಏನಂತೆ ಅವರದ್ದು?"

"ಎಲ್ಲ ಹೂ ಎತ್ತಿದ ಹಾಗೆ ಆಯ್ತಂತೆ ರೀ," ಎಂದು ಅವಳು ನಕ್ಕಳು.

ಅವನು ಮತ್ತೇನೂ ಕೇಳಲಿಲ್ಲ. ಅವಳ ನಗುವನ್ನೇ ನೋಡುತ್ತಾ ಕೂತ.